ಕಾನಿನಿಂದ ಮರಳಿದ ನಾಯಿಯ ಉಪಚಾರ

ಸೊರಬ ಸೀಮೆಯ ಕಾನುಗಳ ಅಂಚಿನಲ್ಲಿಯೂ, ಶಿಕಾರಿಪುರದ ಕುಮುದ್ವತೀ ತೀರದ ತೋಟಗದ್ದೆಗಳ ನಡುವಣ ಒಂಟಿಮನೆಗಳಲ್ಲಿಯೂ, ಮನುಷ್ಯನಿಗೆ ವಿಶ್ರಾಂತಿಯ ಕಾಲವಾದ ರಾತ್ರಿಯು ಅವನ ನಾಯಿಗೆ ಕರ್ತವ್ಯದ ಕಾಲವಾಗಿರುವುದರಿಂದ, ಬೆಳಗಿನ ಜಾವ ಅಂಗಳಕ್ಕೆ ಮರಳುವ ಆ ಪ್ರಾಣಿಯ ಮೈಮೇಲೆ ಇರುಳು ತಾನು ಎದುರಿಸಿದವರ ಗುರುತು ಉಳಿದಿರುವುದು ಆಶ್ಚರ್ಯವಲ್ಲ. ಒಮ್ಮೆ ಅದು ಜಗಲಿಯಲ್ಲಿ ಕುಳಿತವರನ್ನು ಎಬ್ಬಿಸುವಂಥ ದುರ್ಗಂಧ. ಒಮ್ಮೆ ಮೋರೆಯಲ್ಲಿ ನೆಟ್ಟ ಕಪ್ಪುಬಿಳುಪಿನ ಮುಳ್ಳು. ಒಮ್ಮೆ ಕಿವಿಯ ಮಡಿಕೆಯಲ್ಲಿ ಅಡಗಿದ ಉಣುಗು. ಇಂಥ ಹೊತ್ತಿನಲ್ಲಿ ಮನೆಯವರ ಬಾಯಿಂದ ಮೊದಲು ಹೊರಡುವುದು ‘ಹಚಾ’ ಎಂಬ ಗದರಿಕೆಯೇ. ಕಾಯುವ ಹೊಣೆಯನ್ನು ನಾವೇ ಒಪ್ಪಿಸಿ, ಆ ಹೊಣೆಯನ್ನು ಹೊತ್ತು ತಿರುಗುವಾಗ ತಗುಲಿದ ಕೊಳೆಗಾಗಿ ಅದನ್ನು ಕಲ್ಲೆಸೆದು ಓಡಿಸುವುದು ಅನ್ಯಾಯವೆಂದಷ್ಟೇ ಅಲ್ಲ, ಅಪಾಯಕರವೆಂದೂ ನಾನು ನಂಬುತ್ತೇನೆ. ಏಕೆಂದರೆ ಹೆದರಿ ಪೊದೆ ಸೇರಿದ ನಾಯಿಗೆ ಉಪಚಾರ ಮಾಡುವವರಾರು?

ಗಂಧದ ಮಾತನ್ನು ಮೊದಲು ಎತ್ತಿಕೊಳ್ಳೋಣ. ನಮ್ಮ ಗದ್ದೆಯ ಬದುಗಳಲ್ಲಿ, ಬೇಲಿಯ ಬುಡಗಳಲ್ಲಿ, ಇಲಿಯನ್ನೂ ಹುಳುಹುಪ್ಪಟೆಯನ್ನೂ ಹಣ್ಣನ್ನೂ ತಿಂದು ಬದುಕುವ ಪುನುಗಿನ ಬೆಕ್ಕು ರಾತ್ರಿಯೆಲ್ಲ ಸಂಚರಿಸುತ್ತ, ತನ್ನ ಎಲ್ಲೆಯನ್ನು ತಿಳಿಸುವುದಕ್ಕಾಗಿ ಗೂಟಗಳಿಗೂ ಕಾಂಡಗಳಿಗೂ ಸ್ರಾವವನ್ನು ಸವರಿಹೋಗುತ್ತದೆ. ಅಡಕೆತೋಟದ ಮರಬೆಕ್ಕಾದರೋ ಭಯಗೊಂಡಾಗ ಗುದದ ಬಳಿಯ ಗ್ರಂಥಿಗಳಿಂದ ಕಟುಗಂಧದ ದ್ರವವನ್ನು ಹೊರಚೆಲ್ಲುತ್ತದೆ. ಇದಲ್ಲದೆ, ಕೊಳೆತ ಹೆಗ್ಗಣವನ್ನೋ ಸತ್ತ ಹಾವನ್ನೋ ಕಂಡಲ್ಲಿ ಅದರ ಮೇಲೆ ಬಿದ್ದು ಹೊರಳಾಡಿ, ಆ ನಾತವನ್ನು ಭೂಷಣದಂತೆ ಮೈಗೆ ಬಳಿದುಕೊಂಡು ಬರುವುದು ನಾಯಿಗಳ ಸಹಜವಾದ ವರ್ತನೆ. ಈ ಗಂಧಗಳೆಲ್ಲ ಒಂದೇ ಬಗೆಯವಲ್ಲವೆಂಬುದನ್ನು ಅರಿಯದೆ, ಯಾವುದಕ್ಕೂ ಹುಣಸೆಯ ಹುಳಿಯನ್ನೋ ನಿಂಬೆಯ ರಸವನ್ನೋ ತಿಕ್ಕಿ, ಗೀರುಬಿದ್ದ ಚರ್ಮಕ್ಕೆ ಉರಿಯನ್ನು ಹತ್ತಿಸಿದರೆ ಫಲವೇನೂ ಇಲ್ಲ.

ಪುನುಗಿನ ಪರಿಮಳವನ್ನೇ ನೋಡಿರಿ. ತಿರುಮಲೆಯಲ್ಲಿ ವೆಂಕಟೇಶ್ವರನ ಅರ್ಚನೆಗೆ ಒದಗುವ ತೈಲವೂ, ಯುರೋಪಿನ ಸುಗಂಧದ್ರವ್ಯಗಳಲ್ಲಿ ಶತಮಾನಗಳಿಂದ ಬೆರೆಯುತ್ತ ಬಂದ ವಸ್ತುವೂ ಪುನುಗೇ. ಅಲ್ಪಪ್ರಮಾಣದಲ್ಲಿ ಮನೋಹರವಾದದ್ದು ಸಾಂದ್ರವಾದಾಗ ಅಸಹ್ಯವಾಗುತ್ತದೆ. ಅದರ ಮುಖ್ಯ ಗಂಧಾಂಶವಾದ ಸಿವೆಟೋನಿನ ರಚನೆಯನ್ನು 1926ರಲ್ಲಿ ಬಿಡಿಸಿ ತೋರಿಸಿದವರು, ಮುಂದೆ 1939ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ರಸಾಯನವಿಜ್ಞಾನಿ ಲಿಯೊಪೋಲ್ಡ್ ರುಜಿಚ್ಕ. ಹದಿನೇಳು ಇಂಗಾಲದ ಪರಮಾಣುಗಳು ಉಂಗುರವಾಗಿ ಕೂಡಿಕೊಂಡಿರುವ ಈ ವಸ್ತು ನೀರಿಗೆ ಕರಗದೆ ಜಿಡ್ಡಿನೊಡನೆ ಬೆರೆಯುವ ಸ್ವಭಾವದ್ದಾದುದರಿಂದ, ನಾಯಿಯ ಮೇಲೆ ಬರಿಯ ತಣ್ಣೀರನ್ನು ಸುರಿಯುವುದು ವ್ಯರ್ಥ. ಮೊದಲು ಒಣಬಟ್ಟೆಯಿಂದ ಒರೆಸಿ, ಕಡಲೆಹಿಟ್ಟನ್ನು ಉದುರಿಸಿ ಜಿಡ್ಡನ್ನು ಹೀರಿಸಿ, ಅನಂತರ ಬಚ್ಚಲ ಹಂಡೆಯ ಉಗುರುಬೆಚ್ಚನೆಯ ನೀರಿನಲ್ಲಿ ಅಂಟುವಾಳದ ಕಾಯಿಯ ನೊರೆಯೆಬ್ಬಿಸಿ ಎರಡು ಮೂರು ಬಾರಿ ತೊಳೆಯುವುದೇ ಯುಕ್ತವಾದ ಕ್ರಮ. ಅಂಟುವಾಳವಾಗಲಿ ಸೀಗೆಯಾಗಲಿ ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು. ಕಣ್ಣಿಗೆ ಸ್ರಾವ ಸಿಡಿದಿದ್ದರೆ ಶುದ್ಧವಾದ ನೀರನ್ನು ಧಾರಾಳವಾಗಿ ಹರಿಸಿ ತೊಳೆಯುವುದಲ್ಲದೆ ಬೇರಾವ ಮದ್ದನ್ನೂ ಹಾಕಲಾಗದು.

ದುರ್ಗಂಧಕ್ಕೆ ಜಗತ್ಪ್ರಸಿದ್ಧವಾದ ಪ್ರಾಣಿಯೆಂದರೆ ಅಮೆರಿಕದ ಸ್ಕಂಕ್. ಆ ಕುಲದ ಒಂದು ಪ್ರಾಣಿಯೂ ಭಾರತದಲ್ಲಿಲ್ಲ. ಆದರೂ ಅಲ್ಲಿನ ನಾಯಿಗಳಿಗಾಗಿ ಕಂಡುಹಿಡಿದ ಉಪಾಯ ನಮಗೂ ಒಂದು ಸಂದರ್ಭದಲ್ಲಿ ಉಪಯುಕ್ತವಾಗಿರುವುದರಿಂದ ಅದನ್ನು ಇಲ್ಲಿ ಹೇಳಬೇಕು. ಸ್ಕಂಕಿನ ಸ್ರಾವದಲ್ಲಿ ನಾರುವುದು ಗಂಧಕಯುಕ್ತವಾದ ಥಯಾಲ್ ಎಂಬ ಸಂಯುಕ್ತಗಳು. ಅದರ ಕೆಲವು ಅಂಶಗಳು ನೀರು ಸೋಕಿದಾಗ ಒಡೆದು ಮತ್ತೆ ಥಯಾಲುಗಳನ್ನು ಬಿಡುಗಡೆಮಾಡುವುದರಿಂದ, ತೊಳೆದ ನಾಯಿಯೂ ಮಳೆಯಲ್ಲಿ ನೆನೆದಾಗ ಪುನಃ ನಾರತೊಡಗುತ್ತದೆ. ಟೊಮೆಟೊ ರಸದಿಂದ ಮೀಯಿಸುವ ಜನಪ್ರಿಯ ಪದ್ಧತಿ ಈ ಗಂಧವನ್ನು ಮರೆಮಾಚುವುದೇ ಹೊರತು ನಾಶಮಾಡುವುದಿಲ್ಲ. 1993ರಲ್ಲಿ ಪಾಲ್ ಕ್ರೆಬಾಮ್ ಎಂಬ ರಸಾಯನಜ್ಞರು ಪ್ರಕಟಿಸಿದ ಸೂತ್ರವಾದರೋ ಸರಳ: ಸುಮಾರು ಒಂದು ಲೀಟರಿನಷ್ಟು, 3 ಪ್ರತಿಶತ ಪ್ರಬಲತೆಯ ಹೈಡ್ರೋಜನ್ ಪೆರಾಕ್ಸೈಡು, ಕಾಲು ಬಟ್ಟಲು ಅಡುಗೆ ಸೋಡ, ಒಂದೆರಡು ಚಮಚ ದ್ರವಸಾಬೂನು. ಇವನ್ನು ಆಗಿಂದಾಗ ಬೆರೆಸಿ, ಒಣಮೈಗೆ ಸವರಿ, ಐದು ನಿಮಿಷ ಬಿಟ್ಟು ತೊಳೆದರೆ ಥಯಾಲುಗಳು ಉತ್ಕರ್ಷಣಗೊಂಡು ವಾಸನೆಯಿಲ್ಲದ ವಸ್ತುಗಳಾಗಿ ಮಾರ್ಪಡುತ್ತವೆ. ಕೊಳೆತ ಮಾಂಸದ ನಾತದಲ್ಲಿಯೂ ಗಂಧಕದ ಸಂಯುಕ್ತಗಳಿರುವುದರಿಂದ, ಹೆಣದ ಮೇಲೆ ಹೊರಳಿಬಂದ ನಮ್ಮ ನಾಯಿಗೂ ಇದು ಸಲ್ಲುತ್ತದೆ. ನಮ್ಮ ಔಷಧದ ಅಂಗಡಿಗಳಲ್ಲಿ 6 ಪ್ರತಿಶತದ ಸೀಸೆಗಳೂ ದೊರೆಯುವುದರಿಂದ ಚೀಟಿಯನ್ನು ಓದಿ, ಬೇಕಾದರೆ ಸಮಪ್ರಮಾಣದ ನೀರನ್ನು ಕೂಡಿಸತಕ್ಕದ್ದು. ಮಿಶ್ರಣವನ್ನು ಮುಚ್ಚಳ ಬಿಗಿದು ಇಟ್ಟರೆ ಆಮ್ಲಜನಕದ ಒತ್ತಡದಿಂದ ಸೀಸೆ ಸಿಡಿದೀತು; ಉಳಿದುದನ್ನು ಚೆಲ್ಲುವುದೇ ಕ್ಷೇಮ. ಕಣ್ಣು, ಬಾಯಿ, ಗಾಯಗಳಿಗೆ ಇದು ಸೋಕಬಾರದು.

ಹಳ್ಳಿಗಳಲ್ಲಿ ಇಂಥ ಸಮಯದಲ್ಲಿ ಸೀಮೆಎಣ್ಣೆಯನ್ನೋ ಫಿನಾಯಿಲನ್ನೋ ಬಳಿಯುವುದುಂಟು. ಇದನ್ನು ಎಷ್ಟು ಕಟುವಾಗಿ ನಿಷೇಧಿಸಿದರೂ ಸಾಲದು. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ, ನೆಕ್ಕಿದಾಗ ಶ್ವಾಸಕೋಶವನ್ನು ಸೇರಬಹುದು. ಫಿನಾಯಿಲು ಚರ್ಮದ ಮೂಲಕವೇ ದೇಹವನ್ನು ಹೊಕ್ಕು ವಿಷವಾಗುತ್ತದೆ. ನಾತಕ್ಕೆ ನಾಯಿ ಸಾಯುವುದಿಲ್ಲ. ಈ ಮದ್ದಿಗೆ ಸಾಯಬಹುದು.

ಮುಳ್ಳುಹಂದಿಯ ಪ್ರಕರಣ ಇದಕ್ಕಿಂತ ಗುರುತರವಾದದ್ದು. ಗೆಡ್ಡೆಗೆಣಸುಗಳನ್ನೂ ಎಳೆಯ ಸಸಿಗಳ ಬುಡವನ್ನೂ ಅರಸಿ ತೋಟಕ್ಕೆ ಇಳಿಯುವ ಈ ಸಾಧುಪ್ರಾಣಿ ಮುಳ್ಳನ್ನು ಬಾಣದಂತೆ ಎಸೆಯುತ್ತದೆಂಬ ನಂಬಿಕೆ ಬಹುಕಾಲದ್ದಾದರೂ ಸತ್ಯವಲ್ಲ. ಬೆನ್ನಟ್ಟಿದ ನಾಯಿಯ ಎದುರು ಅದು ಮೊದಲು ಬಾಲದ ಟೊಳ್ಳುಮುಳ್ಳುಗಳನ್ನು ಗಲಗಲನೆ ಅಲ್ಲಾಡಿಸಿ ಎಚ್ಚರಿಸುತ್ತದೆ. ಎಚ್ಚರಿಕೆ ನಿಷ್ಫಲವಾದಾಗ ಹಿಮ್ಮುಖವಾಗಿಯೇ ರಭಸದಿಂದ ನುಗ್ಗುತ್ತದೆ. ಸಡಿಲವಾಗಿ ನಾಟಿಕೊಂಡಿರುವ ಮುಳ್ಳುಗಳು ನಾಯಿಯ ಮೋರೆಯಲ್ಲಿಯೂ ಎದೆಯಲ್ಲಿಯೂ ಕಿತ್ತು ಉಳಿಯುತ್ತವೆ. ನಾಯಿ ಮೊದಲು ಮಾಡುವ ಕೆಲಸ ಮುಂಗಾಲಿನಿಂದ ಮೋರೆಯನ್ನು ಉಜ್ಜಿಕೊಳ್ಳುವುದು. ಆಗ ಮುಳ್ಳು ಮುರಿದು ತುದಿ ಒಳಗುಳಿಯುತ್ತದೆ, ಸ್ನಾಯುಗಳ ಚಲನೆಯಿಂದ ಮತ್ತಷ್ಟು ಆಳಕ್ಕೆ ಸರಿದು ಕೀವು ಕಟ್ಟುತ್ತದೆ. ಆದುದರಿಂದ ಅದನ್ನು ಹಿಡಿದು ನಿಶ್ಚಲಗೊಳಿಸುವುದೇ ಮೊದಲ ಉಪಚಾರ. ನೋವಿನಲ್ಲಿರುವ ನಾಯಿ ಅನ್ನವಿಕ್ಕಿದ ಕೈಯನ್ನೂ ಕಚ್ಚುವುದಾದ್ದರಿಂದ, ಒಬ್ಬರು ಕಂಬಳಿಯಲ್ಲಿ ಸುತ್ತಿ ಹಿಡಿದುಕೊಳ್ಳಬೇಕು. ಮೋರೆಯಲ್ಲಿ ಮುಳ್ಳಿರುವಾಗ ಬಾಯನ್ನು ಬಿಗಿಯಲಾಗದು. ಚರ್ಮದ ಮೇಲೆ ಸ್ಪಷ್ಟವಾಗಿ ಕಾಣುವ ಒಂದೆರಡು ಮುಳ್ಳನ್ನು, ಬುಡದ ಸಮೀಪದಲ್ಲಿ ಇಕ್ಕುಳದಿಂದ ಹಿಡಿದು, ತಿರುಚದೆ, ನಾಟಿದ ದಿಕ್ಕಿನಲ್ಲಿಯೇ ನೇರವಾಗಿ ಎಳೆಯಬಹುದು. ತುದಿಯನ್ನು ಕತ್ತರಿಸಿದರೆ ಮುಳ್ಳು ಸಡಿಲವಾಗುವುದೆಂಬುದು ಹುಸಿ. ಕತ್ತರಿಸಿದ ಮುಳ್ಳು ಸೀಳಿ ಒಡೆಯುತ್ತದೆ. ಕಣ್ಣಿನ ಬಳಿ, ಗಂಟಲಲ್ಲಿ, ಎದೆಯಲ್ಲಿ, ಹೊಟ್ಟೆಯಲ್ಲಿ ನೆಟ್ಟದ್ದನ್ನಾದರೋ ಮುಟ್ಟದೆ, ಎಷ್ಟು ಹೊತ್ತಾದರೂ ಸರಿ, ತಾಲೂಕಿನ ಪಶು ಆಸ್ಪತ್ರೆಗೆ ಒಯ್ಯಬೇಕು; ಅರಿವಳಿಕೆಯಿಲ್ಲದೆ ಅವನ್ನು ತೆಗೆಯುವುದು ಕ್ರೌರ್ಯ. ಉಪಚಾರದ ನಡುವೆ ಕೈಗೆ ಹಲ್ಲು ತಾಗಿದ್ದರೆ ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು, ಸಾಕಿದ ನಾಯಿಯೆಂಬ ಸಲುಗೆಯಿಂದ ಉಪೇಕ್ಷಿಸದೆ, ವೈದ್ಯರನ್ನು ಕಾಣತಕ್ಕದ್ದು.

ಇಷ್ಟೆಲ್ಲ ಶ್ರಮ ಒಂದು ನಾಯಿಗಾಗಿಯೇ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಆತಕೂರಿನ ಶಾಸನವನ್ನು ನೆನಪಿಸಲು ಇಚ್ಛಿಸುತ್ತೇನೆ. ಕ್ರಿ.ಶ. 949–50ರ ಆ ಕಲ್ಲಿನಲ್ಲಿ, ಗಂಗರ ಬೂತುಗನಿಂದ ಮಣಲೇರನು ಬೇಡಿ ಪಡೆದ ಕಾಳಿಯೆಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಮಡಿದುದು ಉಲ್ಲಿಖಿತವಾಗಿದೆ. ನಾಯಿ ಹಂದಿಗಳ ಆ ಕಾಳಗವನ್ನು ಕೆತ್ತಿದ ಶಿಲೆ ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ವೀರಗಲ್ಲುಗಳಿಂದ ಸಮೃದ್ಧವಾದ ಬಳ್ಳಿಗಾವೆಯ ನೆರೆಯಲ್ಲಿ ಬಾಳುವವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಉಳಿದುದು ಉಣುಗಿನ ವಿಚಾರ. 1868ರಲ್ಲಿಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ವರದಿ ಬರೆಯುವಷ್ಟು ಗಮನಾರ್ಹವಾಗಿದ್ದ ಸೊರಬದ ಕಾನುಗಳ ಸೀಮೆಯಲ್ಲಿಯೇ ಕ್ಯಾಸನೂರಿನ ಅರಣ್ಯವೂ ಇದೆ. 1957ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಗುರುತಿಸಿದ ಕಾಯಿಲೆ ಆ ಊರಿನ ಹೆಸರನ್ನೇ ಹೊತ್ತು ಲೋಕಕ್ಕೆ ಪರಿಚಿತವಾಯಿತು. ನಾವು ಮಂಗನ ಕಾಯಿಲೆಯೆಂದು ಕರೆಯುವ ಇದನ್ನು ಮನುಷ್ಯನಿಗೆ ಮುಖ್ಯವಾಗಿ ಅಂಟಿಸುವುದು ಕಾಡಿನ ಉಣುಗಿನ ಮರಿ. ಅದರ ಹಾವಳಿ ಚಳಿಗಾಲದಿಂದ ಬೇಸಗೆಯವರೆಗೆ ಹೆಚ್ಚು. ಈ ತಿಂಗಳುಗಳಲ್ಲಿ ಕಾನು ಹೊಕ್ಕು ಬಂದ ನಾಯಿಯನ್ನು ಮೀಯಿಸುವ ಮೊದಲೇ ಕಿವಿ, ಕೊರಳು, ಕಂಕುಳು, ಬೆರಳುಗಳ ಸಂದುಗಳನ್ನು ಪರೀಕ್ಷಿಸಬೇಕು. ಕಂಡ ಉಣುಗನ್ನು ಉಗುರಿನಲ್ಲಿ ಹಿಸುಕದೆ, ಚಿಮಟದಿಂದ ಚರ್ಮದ ಸಮೀಪದಲ್ಲಿ ಹಿಡಿದು ನೇರವಾಗಿ ಕಿತ್ತು ಸಾಬೂನು ನೀರಿಗೆ ಹಾಕಿ, ಕೈಯನ್ನು ತೊಳೆದುಕೊಳ್ಳಬೇಕು. ನಾಯಿಯನ್ನು ಹಿಡಿದವರು ತಮ್ಮ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ, ತಾವೂ ಮಿಂದು, ಅನಂತರವೇ ಮನೆಯೊಳಕ್ಕೆ ಬರುವುದು ಒಳ್ಳೆಯದು. ಮುಂದಿನ ದಿನಗಳಲ್ಲಿ ಅವರಿಗೆ ಜ್ವರ ತಲೆನೋವುಗಳು ಕಾಣಿಸಿಕೊಂಡರೆ, ಕಾನಿನ ನಂಟನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.