ಒಬ್ಬ ಸಹೋದ್ಯೋಗಿಯ ದುರ್ವರ್ತನೆ ಉಳಿದವರ ಕೆಲಸವನ್ನು ಕೆಡಿಸುತ್ತದೆಯೇ?

ಸಹೋದ್ಯೋಗಿಯ ಒರಟುತನ ಮೊದಲು ಕದಿಯುವುದು ಉಳಿದವರ ಗಮನವನ್ನು. ಕೈ ಕೆಲಸದಲ್ಲಿದ್ದರೂ ಮನಸ್ಸು ಕೇಳಿದ ಮಾತನ್ನೇ ಮೆಲುಕು ಹಾಕುತ್ತಿರುತ್ತದೆ. ಅಮೆರಿಕದ ಸಂಶೋಧಕಿಯರಾದ ಕ್ರಿಸ್ಟೀನ್ ಪೊರಾತ್ ಮತ್ತು ಕ್ರಿಸ್ಟೀನ್ ಪಿಯರ್ಸನ್ 17 ಉದ್ಯಮಗಳ 800 ಮಂದಿಯನ್ನು ವಿಚಾರಿಸಿದಾಗ, ಇಂಥ ವರ್ತನೆಗೆ ಗುರಿಯಾದವರಲ್ಲಿ ಶೇ. 48 ಮಂದಿ ಬೇಕೆಂದೇ ದುಡಿಮೆ ತಗ್ಗಿಸಿದ್ದರು, ಶೇ. 12 ಮಂದಿ ಕೆಲಸವನ್ನೇ ಬಿಟ್ಟಿದ್ದರು. ‘ಅವರ ಸ್ವಭಾವವೇ ಹಾಗೆ’ ಎಂದು ಸುಮ್ಮನಾಗುವಂಥ ವಿಷಯ ಇದಲ್ಲ.

ಆಸ್ಪತ್ರೆಯಲ್ಲಂತೂ ಇದು ಜೀವದ ಪ್ರಶ್ನೆ. 2015ರಲ್ಲಿ ಪ್ರಕಟವಾದ ಇಸ್ರೇಲಿನ ಪ್ರಯೋಗವೊಂದರಲ್ಲಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕದ 24 ತಂಡಗಳಿಗೆ ಅಣಕು ಚಿಕಿತ್ಸೆಯ ಕೆಲಸ ಕೊಡಲಾಗಿತ್ತು. ಕೆಲವು ತಂಡಗಳಿಗೆ ಹೊರಗಿನ ಪರಿಣತನೊಬ್ಬ, ಅವರ ಕೆಲಸಕ್ಕೆ ಸಂಬಂಧವೇ ಇಲ್ಲದ ಒರಟು ಮಾತಾಡಿದ. ಆ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆಯಲ್ಲೂ ಹಿಂದೆ ಬಿದ್ದವು; ಪರಸ್ಪರ ಮಾಹಿತಿ ಹಂಚಿಕೊಳ್ಳುವುದು, ನೆರವು ಕೇಳುವುದು ಕಡಿಮೆಯಾಗಿತ್ತು.