ಬಣ್ಣದ ಗಾಜಿನ ಹೂಜಿಯೂ ನೂರು ವರ್ಷದ ಲೆಕ್ಕವೂ

ಐನಾಪುರದ ನನ್ನ ಕಕ್ಷಿದಾರರೊಬ್ಬರು ಒಮ್ಮೆ ಲೆಕ್ಕದ ಪುಸ್ತಕಗಳೊಡನೆ ಹಳೆಯ ಧೋತರದಲ್ಲಿ ಸುತ್ತಿದ ಗಾಜಿನ ಹೂಜಿಯೊಂದನ್ನು ಕಚೇರಿಗೆ ತಂದರು. ದಾಳಿಂಬೆ ಕಾಳಿನಂಥ ಕೆಂಪು ಬಣ್ಣ. ಹಿಡಿಕೆ ಮಾತ್ರ ತಿಳಿಗಾಜಿನದು. ಅಜ್ಜನವರು ಮುಂಬಯಿಯಿಂದ ತಂದದ್ದೆಂದು ಮನೆಯವರ ಮಾತು. ಅದರ ಛಾಯಾಚಿತ್ರ ಕಂಡ ಇಂಗ್ಲೆಂಡಿನ ಸಂಗ್ರಾಹಕರೊಬ್ಬರು ಆಕರ್ಷಕ ಬೆಲೆಯನ್ನೇ ಹೇಳಿದ್ದರು. ‘ಕೊರಿಯರ್ ಮಾಡಿಬಿಡ್ಲೇನ್ರಿ ಸಾಹೇಬ್ರ?’ ಎಂದು ಕೇಳಿದರು. ತಡೆಯಿರಿ ಎಂದೆ.

ವಿಕ್ಟೋರಿಯಾ ರಾಣಿಯ ಆಳ್ವಿಕೆ 1837ರಿಂದ 1901ರವರೆಗೆ ನಡೆಯಿತು. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ಅಬಕಾರಿ ಸುಂಕ 1845ರಲ್ಲಿ ರದ್ದಾದ ಮೇಲೆ ಅಲ್ಲಿಯ ಕುಲುಮೆಗಳು ಬಣ್ಣದ ಗಾಜಿನತ್ತ ಧೈರ್ಯದಿಂದ ಹೊರಳಿದವು. ಸುಂಕ ಇಳಿದರೆ ಉದ್ಯಮ ಚಿಗುರುತ್ತದೆಂಬುದಕ್ಕೆ ನಮ್ಮ ಸಂಸ್ಥೆಯ ಮನವಿಪತ್ರಗಳಿಗಿಂತ ಹಳೆಯ ಸಾಕ್ಷಿ ಇದು! ಸಂಗ್ರಾಹಕರು ‘ಕ್ರ್ಯಾನ್‌ಬೆರಿ’ ಎಂದು ಕರೆಯುವ ಕೆಂಪು ಗಾಜಿಗೆ ಬಣ್ಣ ಬರುವುದು ಆಮ್ಲದಲ್ಲಿ ಕರಗಿಸಿದ ಅತ್ಯಲ್ಪ ಚಿನ್ನದಿಂದ, ನೀಲಿಗೆ ಕೋಬಾಲ್ಟ್.

ಸರಕಿನ ವಯಸ್ಸನ್ನು ಹೇಳುವುದು ಬಣ್ಣಕ್ಕಿಂತ ಹಿಡಿಕೆ ಮತ್ತು ಬುಡ. ಸುಮಾರು 1870ಕ್ಕಿಂತ ಮೊದಲು ಕಾದ ಗಾಜನ್ನು ಬಾಯಂಚಿನ ಬಳಿ ಅಂಟಿಸಿ ಕೆಳಕ್ಕೆಳೆದು ಹಿಡಿಕೆ ಮಾಡುತ್ತಿದ್ದರು. ನಂತರ ಕೆಳಗೆ ಅಂಟಿಸಿ ಮೇಲಕ್ಕೆ ಬಾಗಿಸುವ ರೂಢಿ ಬಂತು. ಆದ್ದರಿಂದ ಹಿಡಿಕೆಯ ದಪ್ಪ ತುದಿ ಎಲ್ಲಿದೆಯೆಂದು ನೋಡಬೇಕು. ಬಹುಕಾಲ ಬಳಸಿದ ಬುಡದಲ್ಲಿ ಅಡ್ಡಾದಿಡ್ಡಿ ಗೀರುಗಳಿರುತ್ತವೆ. ಒಂದೇ ದಿಕ್ಕಿನ ಅಚ್ಚುಕಟ್ಟಾದ ಗೀರುಗಳು ಕಂಡರೆ ಸಂಶಯಪಡಬೇಕು. ನಕಲುಗಳು ಹೇರಳವಾಗಿವೆ. 1842ರಿಂದ 1883ರವರೆಗಿನ ಕೆಲವು ಬ್ರಿಟಿಷ್ ವಸ್ತುಗಳ ಮೇಲೆ ವಿನ್ಯಾಸ ನೋಂದಣಿಯ ವಜ್ರಾಕಾರದ ಮುದ್ರೆ ಇರುತ್ತದೆ. ನಮ್ಮ ಹೂಜಿಯಲ್ಲಿ ಮುದ್ರೆಯಿಲ್ಲ. ಹಿಡಿಕೆ ಕೆಳಗೆ ದಪ್ಪವಾಗಿದೆ.

ತೊಡಕು ಇಲ್ಲಿಯೇ ಇದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದಂತೆ ಕನಿಷ್ಠ ನೂರು ವರ್ಷ ಹಳೆಯದಾದ ಕುಶಲಕೃತಿ ‘ಪುರಾವಸ್ತು’ವೆನಿಸುತ್ತದೆ. ಅಂದರೆ 2001ರಲ್ಲಿಯೇ ನಿಜವಾದ ವಿಕ್ಟೋರಿಯನ್ ಹೂಜಿಗಳೆಲ್ಲವೂ ಆ ಗಡಿ ದಾಟಿವೆ. ವಿದೇಶದಲ್ಲಿ ತಯಾರಾದದ್ದೆಂಬ ವಾದವನ್ನು ನೆಚ್ಚಿಕೊಳ್ಳುವುದು ಅಪಾಯಕರ. ಪುರಾವಸ್ತುವನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ಮಾಡಿದರೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ಇಂಥವುಗಳ ವ್ಯಾಪಾರವನ್ನೇ ನಡೆಸುವವರಿಗೆ ಪರವಾನಗಿ ಬೇಕು. ವಯಸ್ಸು ಹೆಚ್ಚಿದಂತೆ ಬೆಲೆ ಏರುತ್ತದೆ, ಅದೇ ವಯಸ್ಸು ಬಂದರಿನ ಬಾಗಿಲನ್ನೂ ಮುಚ್ಚುತ್ತದೆ. ವಸ್ತು ಪುರಾವಸ್ತುವೇ ಅಲ್ಲವೇ ಎಂಬ ಪ್ರಶ್ನೆ ಎದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣದ ಮಹಾನಿರ್ದೇಶಕರ ತೀರ್ಮಾನವೇ ಅಂತಿಮ. ಕರಾಡದ ಬಳಿ 1916ರಲ್ಲಿ ಆರಂಭವಾದ ಓಗಲೆ ಕಾರ್ಖಾನೆಯ ಮೊದಲ ವರ್ಷಗಳ ಗಾಜು ಮನೆಯಲ್ಲಿದ್ದರೆ ಅದಕ್ಕೂ ಈಗ ಇದೇ ಲೆಕ್ಕ.

ದೇಶದೊಳಗೆ ಮಾರಿದರೂ ಆದಾಯ ತೆರಿಗೆಯ ಮಾತು ಉಳಿಯುತ್ತದೆ. ಸ್ವಂತ ಬಳಕೆಯ ಗೃಹವಸ್ತುವಿಗೆ ಬಂಡವಾಳ ಲಾಭದ ತೆರಿಗೆಯಿಲ್ಲ. ಆದರೆ 2007ರ ಹಣಕಾಸು ಅಧಿನಿಯಮವು ಕಲಾಕೃತಿಯನ್ನು ಆ ವಿನಾಯಿತಿಯಿಂದ ಹೊರಗಿಟ್ಟಿತು. ಕೊಳ್ಳುವವರಿಗೆ ಕಲಾಕೃತಿಯೆಂದು ಹೇಳಿ, ಅಧಿಕಾರಿಗೆ ನೀರಿನ ಪಾತ್ರೆಯೆಂದು ಬರೆದುಕೊಡುವುದನ್ನು ನಾನು ಒಪ್ಪಲಾರೆ. ಪಿತ್ರಾರ್ಜಿತವಾಗಿ ಬಂದದ್ದಾದ್ದರಿಂದ 2001ರ ಏಪ್ರಿಲ್ 1ರ ಮಾರುಕಟ್ಟೆ ಮೌಲ್ಯವನ್ನು ಮೂಲ ಬೆಲೆಯಾಗಿ ಹಿಡಿಯಲು ಅವಕಾಶವಿದೆ. ಅದಕ್ಕೆ ಮೌಲ್ಯಮಾಪಕರ ವರದಿ ಇರಲಿ.

ಇಂಗ್ಲೆಂಡಿನವರಿಗೆ ಕ್ಷಮೆ ಕೋರಿ ಪತ್ರ ಹೋಯಿತು. ಹೂಜಿಯ ಬುಡ, ಹಿಡಿಕೆಗಳ ಚಿತ್ರಗಳು ನನ್ನ ಕಡತದಲ್ಲಿವೆ. ಹೂಜಿ ಅವರ ಮನೆಯ ತಿಜೋರಿಯಲ್ಲಿದೆ.