ಕೊಣಾಜೆಯೋ, ಚಿಕ್ಕ ಅಳುವಾರವೋ?

ಪದವಿ ಓದುವವರಿಗೆ ವಿಶ್ವವಿದ್ಯಾಲಯ ನೆನಪಾಗುವುದು ಪಾಠದ ಹೊತ್ತಿನಲ್ಲಲ್ಲ. ಅಂಕಪಟ್ಟಿಯಲ್ಲಿ ಹೆಸರು ತಪ್ಪಾದಾಗ, ಮರುಮೌಲ್ಯಮಾಪನದ ಫಲಿತಾಂಶ ಬಾರದಿದ್ದಾಗ. 1980ರಲ್ಲಿ ಶುರುವಾದ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಕೊಡಗಿನ ಕಾಲೇಜುಗಳಿಗೆ ಇಂಥ ಕೆಲಸಗಳಿಗೆಲ್ಲ ಆ ವಿಶ್ವವಿದ್ಯಾಲಯದ ಕಚೇರಿಯಿರುವ ಕೊಣಾಜೆಯೇ ಗತಿಯಾಗಿತ್ತು. ಕೊಡಗು ರೈಲು ಹಳಿಯೇ ಇಲ್ಲದ ಜಿಲ್ಲೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದಾಗ ಮಂಗಳೂರಿನತ್ತ ಹೋಗುವ ಮಡಿಕೇರಿ–ಸಂಪಾಜೆ ರಸ್ತೆಯೂ ಬಂದಾಯಿತು. ಹೀಗಿರುವಾಗ ಕೊಡಗಿನೊಳಗೇ ಇರುವ ಚಿಕ್ಕ ಅಳುವಾರದ ಜ್ಞಾನ ಕಾವೇರಿ ಸ್ನಾತಕೋತ್ತರ ಕೇಂದ್ರ ಕೊಡಗು ವಿಶ್ವವಿದ್ಯಾಲಯವಾದದ್ದನ್ನು ಬರೀ ಪ್ರತಿಷ್ಠೆಯ ಮಾತೆಂದು ತಳ್ಳಿಹಾಕುವಂತಿಲ್ಲ.

ಸಣ್ಣ ಜಿಲ್ಲೆಗೆ ಪ್ರತ್ಯೇಕ ವಿಶ್ವವಿದ್ಯಾಲಯ ದುಬಾರಿ, ಹಣವಿಲ್ಲ, ಸಾಕಷ್ಟು ಬೋಧಕರಿಲ್ಲ ಎಂಬ ಆಕ್ಷೇಪ ಸುಳ್ಳೇನಲ್ಲ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಕೊಡಗಿನದೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವತ್ತ ಒಲವು ತೋರಿತು. ಆದರೆ ಮುಚ್ಚಿದರೆ ಉಳಿತಾಯ ಸರ್ಕಾರದ ಲೆಕ್ಕದಲ್ಲಿ ಮಾತ್ರ. ಮತ್ತೆ ಕೊಣಾಜೆಗೆ ಹೋಗಿಬರುವ ಬಸ್ ಚಾರ್ಜು, ಹೋದ ದಿನದ ಕೂಲಿ, ರಾತ್ರಿ ತಂಗುವ ಖರ್ಚು ತೋಟದ ಲೈನ್‌ಮನೆಯ ಹುಡುಗನ ಜೇಬಿನಿಂದಲೇ ಹೋಗಬೇಕು. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಟಿಕೆಟ್ ಉಳಿದೀತು, ದಿನ ಉಳಿಯದು. ಡಿಜಿಲಾಕರ್ ಇದೆಯಲ್ಲ ಎನ್ನುವವರುಂಟು. ಸರಿಯಿರುವ ಅಂಕಪಟ್ಟಿಯನ್ನು ಅದು ತೋರಿಸುತ್ತದೆ, ನಿಜ, ತಪ್ಪಿದ್ದರೆ ತಿದ್ದಿಕೊಡದು. ಕುಲಪತಿಗಳ ಹುದ್ದೆ ಇರಲಿ ಬಿಡಲಿ (ಹುಡುಗರಿಗೆ ಅದರ ಗೊಡವೆಯೂ ಇಲ್ಲ), ಸಹಿ ಹಾಕುವ ಅಧಿಕಾರವುಳ್ಳ ಪರೀಕ್ಷಾ ವಿಭಾಗವೊಂದು ಜಿಲ್ಲೆಯೊಳಗೇ ಉಳಿಯಬೇಕು.